ಹಲಸೂರಿನ ಮಾವ ನೋಡಿದ ‘ಆ ದಿನಗಳು’

2007ರಲ್ಲಿ ‘ಆ ದಿನಗಳು’ ಬಂದಾಗ ನಾವು ಬೆಂಗಳೂರಿನ ಹಲಸೂರಿನಲ್ಲಿದ್ದೆವು. ಸುತ್ತಮುತ್ತಲ ಟಾಕೀಸುಗಳಲ್ಲಿ ತಮಿಳು ಚಿತ್ರಗಳದ್ದೇ ದರ್ಬಾರು. ಕನ್ನಡ ಸಿನಿಮಾ ಬೇಕೆಂದರೆ ಮೆಜೆಸ್ಟಿಕ್ ಕಡೆ ಬಸ್ಸು ಹತ್ತಬೇಕು. ನಮ್ಮ ಸೋದರಮಾವ ಟಾಕೀಸಿನ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಗಿತ್ತು. “ಕೋತ್ವಾಲನ ಕಥೆಯಂತೆ ಮಾವ” ಎಂದದ್ದೇ ತಡ, ಅಂಗಡಿಯ ಶಟರ್ ಎಳೆದು ಹೊರಟೇಬಿಟ್ಟರು.

ಅಗ್ನಿ ಶ್ರೀಧರ್ ತಮ್ಮ ಭೂಗತ ಬದುಕನ್ನು ‘ದಾದಾಗಿರಿಯ ದಿನಗಳು’ ಎಂದು ಬರೆದಿದ್ದರಲ್ಲ, ಅದೇ ಈ ಚಿತ್ರದ ಬುಡ. ಚಿತ್ರಕಥೆಗೆ ಶ್ರೀಧರ್ ಜೊತೆ ಗಿರೀಶ್ ಕಾರ್ನಾಡರು ಕೈಜೋಡಿಸಿದ್ದರು. ನಿರ್ದೇಶಕ ಕೆ.ಎಂ. ಚೈತನ್ಯ, ಸಂಗೀತ ಇಳಯರಾಜ. ಪ್ರೀತಿಸಿದ ಹುಡುಗಿಗಾಗಿ ಶ್ರೀಮಂತರ ಮನೆಯ ಹುಡುಗ ಚೇತನ್ ರೌಡಿಗಳ ಲೋಕಕ್ಕೆ ಕಾಲಿಡುತ್ತಾನೆ.

ತೆರೆಯ ಮೇಲೆ ಶರತ್ ಲೋಹಿತಾಶ್ವ ಭೂಗತ ದೊರೆ ಕೋತ್ವಾಲನಾಗಿ ಬಂದರು ನೋಡಿ, ಮುಂದಿನ ಸೀಟಿನ ಮೇಲಿಟ್ಟಿದ್ದ ಕಾಲನ್ನು ಮಾವ ಸದ್ದಿಲ್ಲದೆ ಕೆಳಗಿಳಿಸಿದರು. ನಗು ಬಂತು, ನಗಲಿಲ್ಲ. ಕೋತ್ವಾಲ್ ರಾಮಚಂದ್ರ ಕೊಲೆಯಾಗಿದ್ದು 1986ರಲ್ಲಿ, ಅವನ ಎದುರಾಳಿ ದಾದಾ ಜಯರಾಜ್ 1989ರಲ್ಲಿ. ಇಬ್ಬರೂ ಹೋಗಿ ಅಷ್ಟು ವರ್ಷವಾದರೂ ಮಾವನ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಇಂಟರ್ವಲ್ಲಿನಲ್ಲಿ ಬೋಂಡ ಕೈಯಲ್ಲಿ ಹಿಡಿದು ಶುರುಮಾಡಿದರು. “ಅವರೆಲ್ಲ ಪೇಟೆ ಕಡೆಯ ದೊಡ್ಡವರು ಕಣೋ. ನಮ್ಮ ಕಡೆಗೆ ಬರ್ತಿದ್ದವು ಚಿಲ್ಲರೆ ಪುಢಾರಿಗಳು. ಕಡ್ಡಿಪೆಟ್ಟಿಗೆಯೊಳಗೆ ಐದು ರೂಪಾಯಿ ನೋಟು ಮಡಚಿಟ್ಟು ಕೊಡಬೇಕು. ಬೀಡಿ ಹಚ್ಚೋಕೆ ಅಂತ ಇಸ್ಕೊಂಡು, ಪೆಟ್ಟಿಗೆ ಜೇಬಿಗಿಳಿಸಿ ಹೋಗೋರು. ಕಡ್ಡಿನೂ ಹೋಯ್ತು, ಕಾಸೂ ಹೋಯ್ತು.” ಅದನ್ನು ಕೇಳಿದ ಅಂಗಡಿಯ ಹುಡುಗ ಮಿಕ್ಕ ಚಿಲ್ಲರೆ ಕೊಡುವುದನ್ನೇ ಮರೆತ.

ಸಿನಿಮಾ ಬಿಟ್ಟ ಮೇಲೆ ಮಾವನ ತಕರಾರು ಶುರುವಾಯಿತು: “ಆತ್ಮಕಥೆ ಬರೆದವನು ಪಕ್ಕಕ್ಕೆ ನಿಂತ, ಪ್ರೀತಿ ಮಾಡಿದವನು ಮುಂದೆ ಬಂದ.” ಮಾತು ಸರಿಯೇ. ಅತುಲ್ ಕುಲಕರ್ಣಿ ಮಾಡಿದ ಶ್ರೀಧರನ ಪಾತ್ರದ ಒಳಗುದಿ ನನಗೂ ಸಾಲದೆನಿಸಿತ್ತು. ಆದರೂ ಮಚ್ಚು ಬೀಸುವುದಕ್ಕಿಂತ ಅದಕ್ಕೂ ಮುಂಚಿನ ಅಂಜಿಕೆಯೇ ಭಾರವೆಂದು ತೋರಿಸಿದ ಕನ್ನಡ ಚಿತ್ರ ಅದು. ಆ ಮಟ್ಟಿಗೆ ರೌಡಿಗಳದೇ ಕಥೆಯಾದ ‘ಓಂ’ ಚಿತ್ರಕ್ಕಿಂತ ಒಂದು ಕೈ ಮೇಲು ಎಂದೇ ನನ್ನ ಲೆಕ್ಕ.

ಮಾವನ ಇನ್ನೊಂದು ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. “ನಮ್ಮ ದಂಡಿನ ಕಥೆ ಯಾವನು ತೆಗೀತಾನೋ?” ಹಲಸೂರು, ಶಿವಾಜಿನಗರಗಳಿರುವ, 1809ರಲ್ಲಿ ಬ್ರಿಟಿಷರು ಪಾಳೆಯ ಹೂಡಿದ ದಂಡು ಪ್ರದೇಶ 1949ರಲ್ಲಿ ಪೇಟೆಯೊಡನೆ ಸೇರಿ ಒಂದೇ ನಗರಪಾಲಿಕೆಯಾಯಿತು. ನಮ್ಮ ತೆರೆಯ ಮೇಲೆ ಅವೆರಡೂ ಇನ್ನೂ ಕೂಡಿಲ್ಲ. ಅಮೆರಿಕದಲ್ಲಿ ಚಾಝ್ ಪಾಲ್ಮಿಂಟೆರಿ ತಾನು ಬೆಳೆದ ಕೇರಿಯನ್ನೇ ನಾಟಕ ಮಾಡಿದ. 1993ರಲ್ಲಿ ರಾಬರ್ಟ್ ಡಿ ನಿರೋ ಅದನ್ನು ‘ಎ ಬ್ರಾಂಕ್ಸ್ ಟೇಲ್’ ಸಿನಿಮಾ ಮಾಡಿದ. ಅದರಲ್ಲಿ ಮನೆಮುಂದಿನ ಮೆಟ್ಟಿಲ ಮೇಲೆ ಕೂತ ಹುಡುಗ ಕೊಲೆಯೊಂದನ್ನು ಕಣ್ಣಾರೆ ಕಾಣುತ್ತಾನೆ. ಅಂಥ ಮೆಟ್ಟಿಲು ಶಿವಾಜಿನಗರದಲ್ಲಿ ಇಲ್ಲವೇ? ಕನ್ನಡ, ತಮಿಳು, ದಖನಿ ಮೂರನ್ನೂ ಒಂದೇ ಉಸಿರಿಗೆ ಆಡುತ್ತ ಅಲ್ಲಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬರೆಯಿರಿ. ಕ್ಯಾಮೆರಾ ಆಮೇಲೆ ಬರಲಿ.