ಟಿಬಿ ಅಲ್ಲದ ಟಿಬಿ

6 ಫೆಬ್ರವರಿ 2024, ಕಾಚಿಗುಡ, ಹೈದರಾಬಾದ್

ಕಫದಲ್ಲಿ ಮತ್ತೆ ಎಎಫ್‌ಬಿ, ಅಂದರೆ ಟಿಬಿಯಂತೆ ಕಾಣುವ ಕೀಟಾಣು, ಪಾಸಿಟಿವ್. ಹೋದ ವರ್ಷ ಇದನ್ನೇ ನೋಡಿ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. ಕೆಮ್ಮು ಹೋಗಲಿಲ್ಲ, ಮೈ ಇಳಿದುಹೋಯಿತು. ಈ ಸಲ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಟಿಬಿ ಇಲ್ಲ ಅನ್ನುತ್ತಿದೆ. ಡಾಕ್ಟರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ, ಅದೇ ಮಾತ್ರೆ ಇನ್ನೊಮ್ಮೆ ಶುರು ಮಾಡೋಣ ಅಂದರು. "ಯಾವ ರೋಗಕ್ಕೆ?" ಅಂದೆ. ಸಿಟ್ಟಾದರು.

ನನ್ನ ತಟ್ಟೆ, ಲೋಟ ಈಗಲೂ ಬೇರೆ. ಮೊಮ್ಮಗಳು ಹೊಸ್ತಿಲಾಚೆ ನಿಂತೇ ಟಾಟಾ ಮಾಡುತ್ತಾಳೆ.

21 ಫೆಬ್ರವರಿ

ರಾಯಚೂರಿನಿಂದ ತಮ್ಮನ ಮಗಳ ಫೋನು. ಲ್ಯಾಬಿನಲ್ಲಿ ಕೆಲಸ ಮಾಡುವವಳು. "ಅತ್ತೀ, ಬರೀ ಎದಿ ಡಾಕ್ಟರ್ ಅಂದ್ರ ಸಾಲಂಗಿಲ್ಲ. ಎನ್‌ಟಿಎಂ ಪೇಶಂಟ್ ನೋಡೀರೇನು ಅಂತ ಮೊದಲ ಕೇಳ್ರಿ." ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದೆ. ಹುಡುಗ ಬಹಳ ವಿನಯದಿಂದ ಕೆಳಗಿನ ಎಟಿಎಂ ತೋರಿಸಿದ.

4 ಮಾರ್ಚ್

ಎನ್‌ಟಿಎಂ ನೋಡಿದವರು ಸಿಕ್ಕರು! ಈ ಡಾಕ್ಟರಮ್ಮ ವರದಿಯ ಕಾಗದ ಬದಿಗಿಟ್ಟು ಸಿಟಿ ಫಿಲ್ಮನ್ನೇ ಬೆಳಕಿಗೆ ಹಿಡಿದರು. ಬಲ ಶ್ವಾಸಕೋಶದ ನಡುಭಾಗದಲ್ಲಿ ಹಿಗ್ಗಿದ ಗಾಳಿನಾಳಗಳು, ಅವುಗಳ ತುದಿಯಲ್ಲಿ ಚುಕ್ಕೆ ಚುಕ್ಕೆ. ಆಮೇಲೆ ಯಾರೂ ಕೇಳದ ಪ್ರಶ್ನೆಗಳು. ಶವರ್ ಸ್ನಾನವೋ, ಬಕೆಟ್ಟೋ? ಮಾಳಿಗೆ ಟ್ಯಾಂಕು ತೊಳೆಸಿದ್ದು ಯಾವಾಗ? ಕುಂಡದ ಮಣ್ಣು ಕಲಸುವವರು ಯಾರು? ಕೆಮ್ಮಿಗೆಂದು ಬರೀ ಅಜಿತ್ರೋಮೈಸಿನ್ ಕೊಟ್ಟಿದ್ದರೇ? ಅದೊಂದನ್ನೇ ಕೊಟ್ಟರೆ ಕೀಟಾಣು ಪಳಗಿ, ಆಮೇಲೆ ಮುಖ್ಯ ಮದ್ದೇ ನಾಟದಂತಾಗುತ್ತದಂತೆ.

ಎನ್‌ಟಿಎಂ ಅಂದರೆ ಟಿಬಿ ಕೀಟಾಣುವಿನ ದಾಯಾದಿಗಳು. ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ ಇರುತ್ತವೆ. ಪೈಪಿನ ಒಳಗೋಡೆಗೆ ಲೋಳೆಯಾಗಿ ಅಂಟಿಕೊಂಡು ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಟಿಬಿಯಂತೆಯೇ ಕಾಣುತ್ತವೆ. ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಬಿಸಿಜಿ ಪ್ರಯೋಗ ದೊಡ್ಡವರ ಶ್ವಾಸಕೋಶದ ಟಿಬಿ ತಡೆಯದೆ ಹೋದಾಗ, ಈ ದಾಯಾದಿಗಳ ಮೇಲೂ ಅನುಮಾನ ಬಿದ್ದಿತ್ತಂತೆ.

"ಮನೆಯವರಿಗೆ ಅಂಟುತ್ತಾ?" ಎಂದೆ. "ಇಲ್ಲಮ್ಮಾ. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳಿ." ಆಟೋದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು, "ಅಂಟಂಗಿಲ್ಲ ಅಂದ್ರಲ್ಲ, ಮತ್ಯಾಕ ಅಳ್ತಿ?"

ಮಾತ್ರೆ ಮಾತ್ರ ಬರೆಯಲಿಲ್ಲ. ಬೇರೆ ಬೇರೆ ದಿನದ ಎರಡು ಕಫದಲ್ಲಿ ಒಂದೇ ಜಾತಿ ಬೆಳೆಯಬೇಕು, ಹೆಸರು ಗೊತ್ತಾಗಬೇಕು. ಕಲ್ಚರಿಗೆ ಆರು ವಾರವಾದರೂ ಆಗಬಹುದು.

22 ಏಪ್ರಿಲ್

ಎರಡರಲ್ಲೂ ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪು. ಅಬ್ಸೆಸಸ್ ಎಂಬ ಜಾತಿ ಅಲ್ಲ ಎಂದು ಡಾಕ್ಟರಮ್ಮನೇ ನಿಟ್ಟುಸಿರು ಬಿಟ್ಟರು. ಅದಾಗಿದ್ದರೆ ರಕ್ತನಾಳದ ಇಂಜೆಕ್ಷನ್ನುಗಳು. ಅಜಿತ್ರೋಮೈಸಿನ್ ನಾಟುತ್ತದೆ. ಅದರ ಜೊತೆ ರಿಫಾಂಪಿಸಿನ್, ಎಥಾಂಬ್ಯುಟಾಲ್. ನನ್ನದು ಶ್ವಾಸಕೋಶದಲ್ಲಿ ಗುಳಿ ಬೀಳದ ಬಗೆಯಾದ್ದರಿಂದ ವಾರಕ್ಕೆ ಮೂರೇ ದಿನ. ಕಫ ನೆಗೆಟಿವ್ ಆದ ಮೇಲೆ ಹನ್ನೆರಡು ತಿಂಗಳು. ಅಂದರೆ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹಾಗಿಲ್ಲ. ಈ ಲೆಕ್ಕ ನನಗೆ ಸೇರಲಿಲ್ಲ.

ಬರುವಾಗ ಎರ್ರಗಡ್ಡದ ಮೇಲೆ ಬಂದೆವು. ಈ ಊರಿನವರಿಗೆ ಎರ್ರಗಡ್ಡ ಅಂದರೆ ಎರಡು ಹೆದರಿಕೆ: ಎದೆ ಆಸ್ಪತ್ರೆ, ಹುಚ್ಚಾಸ್ಪತ್ರೆ. ಹೋದ ವರ್ಷ ಆ ಗೇಟು ಕಂಡರೆ ಸೆರಗು ಬಾಯಿಗೆ ಹೋಗುತ್ತಿತ್ತು. ಇವತ್ತು ಹೊರಗಿನ ಜನರನ್ನು ನೋಡಿದೆ. ಅವರಲ್ಲೂ ನನ್ನಂಥವರು ಇರಬಹುದು.

29 ಏಪ್ರಿಲ್

ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ಪೆಟ್ಟು ಕೊಡಬಹುದು, ಮೊದಲು ಕೆಂಪು ಹಸಿರೇ ಮಸುಕಾಗುತ್ತವೆ. ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆಯಲ್ಲಿ ಚುಕ್ಕೆಗಳ ಪುಸ್ತಕ ಹಿಡಿದರು, ಒಳಗಿನ ಅಂಕಿಗಳನ್ನೆಲ್ಲ ಓದಿದೆ. ಮನೆಯಲ್ಲೂ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಬೇಕು. ಅದಕ್ಕೇ ಕಟ್ಟೆ ಮೇಲೆ ಹಸಿಮೆಣಸಿನಕಾಯಿ, ಪಕ್ಕದಲ್ಲಿ ಕೆಂಪು ಬ್ಯಾಡಗಿ. ಇಸಿಜಿ, ಕಿವಿ ಪರೀಕ್ಷೆಯೂ ಆದವು.

12 ಆಗಸ್ಟ್

ಬೆಳಿಗ್ಗೆ ಉಪ್ಪುನೀರಿನ ನೆಬ್ಯುಲೈಸರ್. ಆಮೇಲೆ ಬಾಯಿ ಅಗಲಿಸಿ, ಕನ್ನಡಿಗೆ ಆವಿ ಹಿಡಿಸುವಂತೆ "ಹಾ" ಎಂದು ಉಸಿರು ದಬ್ಬುವುದು. ಕೆಮ್ಮಬಾರದು, ದಬ್ಬಬೇಕು. ಫಿಸಿಯೋಥೆರಪಿ ಹುಡುಗಿ ಬೆನ್ನ ಮೇಲೆ ಕೈಯಿಟ್ಟು ಕಲಿಸಿದ್ದು. ಕಫ ಸಲೀಸಾಗಿ ಮೇಲೆ ಬರುತ್ತದೆ. ಮಾತ್ರೆಗಿಂತ ಇದೇ ನನಗೆ ಮೇಲೆನಿಸಿದೆ. ಮಾತ್ರೆ ದಿನ ಬಾಯಿ ಕಹಿ, ಮೂತ್ರ ಕಿತ್ತಳೆ ಬಣ್ಣ. ಶವರ್ ತೆಗೆಸಿದ್ದಾಯಿತು, ಚೊಂಬಿನ ಸ್ನಾನ.

ಕಫ ಇನ್ನೂ ಪಾಸಿಟಿವ್. ಆರು ತಿಂಗಳ ಔಷಧಕ್ಕೂ ಬಗ್ಗದಿದ್ದರೆ ಅಮಿಕಾಸಿನ್ ಯೋಚಿಸೋಣ ಎಂದಿದ್ದಾರೆ. ತೂಕ ಸ್ವಲ್ಪ ಏರಿದೆ.

ಸಂಜೆ ಕಲಬುರ್ಗಿಯಿಂದ ಪರಿಚಯದವರೊಬ್ಬರ ಫೋನು. ಅವರ ಅಕ್ಕನಿಗೆ ಟಿಬಿ ಕೋರ್ಸ್ ಮುಗಿದರೂ ಕೆಮ್ಮು ನಿಂತಿಲ್ಲವಂತೆ. ನಂಬರು ಕೊಟ್ಟೆ. ಸಿಟಿ ಫಿಲ್ಮು ಮರೀದೆ ತರ್ರಿ, ಕಲ್ಚರ್ ಮಾಡಿಸೀರೇನು ಅಂತ ಕೇಳ್ರಿ, ಅಂದೆ.