ತಟ್ಟೆಯೊಳಗಿನ ಮುಳಾ

ಖಡಕಿ, ಪುಣೆ
ಡಿಸೆಂಬರ್ ಮೊದಲ ವಾರ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ತಲುಪಿತು. ಅವ್ವನ ಮೊಣಕಾಲು ನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ನಿಮ್ಮ ಪುಣೆಯವರ ಹೊಲಸೇ ನಮ್ಮ ಭೀಮೆಗೆ ಬರೋದಲ್ಲವಾ?" ಅಂತ. ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಜಗಳ ತೆಗೆಯುತ್ತೀ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀರಿನ ದಾರಿ ನೀನಂದಂತೆಯೇ ಇದೆ. ಖಡಕಿಯ ಅಂಚಿಗೆ ಹರಿಯುವುದು ಮುಳಾ ನದಿ. ದಾಪೋಡಿ ಹತ್ತಿರ ಅದಕ್ಕೆ ಪವನಾ ಕೂಡುತ್ತದೆ, ಹೋಳ್ಕರ್ ಸೇತುವೆ ದಾಟಿ ಸಂಗಮವಾಡಿಗೆ ಹೋದರೆ ಮುಠಾ. ಆಮೇಲೆ ರಾಂಜಣಗಾಂವ ಸಾಂಡಸದ ಬಳಿ ಭೀಮೆಗೆ ಸೇರಿ, ಉಜನಿ, ಪಂಢರಪುರ ಎಲ್ಲ ಕಳೆದು ಅಫಜಲಪುರ ತಾಲ್ಲೂಕಿನ ನಿನ್ನ ಶಾಲೆಯ ಹಿಂದಿನ ದಂಡೆಗೆ ಬರುತ್ತದೆ.

ಆದರೆ ಬರುವ ನೀರಿನ ಗುಣ ಹೇಗಿದೆ ಎನ್ನುವುದು ಬೇರೆ ಮಾತು. ಅದಕ್ಕೆಂದೇ ನಾನೀಗ ಭಾನುವಾರ ಬೆಳಿಗ್ಗೆ ಹುಳ ಹುಡುಕುವವರ ಜೊತೆ ಹೋಗುತ್ತಿದ್ದೇನೆ. ನಗಬೇಡ, ನೀರು ಹೇಗಿದೆಯೆಂದು ಅದರಲ್ಲಿ ಬದುಕುವ ಹುಳಗಳೇ ಹೇಳುತ್ತವೆ. ಪುಣೆಯಲ್ಲಿ 'ಜೀವಿತನದಿ' ಎಂಬ ಸಂಸ್ಥೆಯ ಸ್ವಯಂಸೇವಕರು ವಿಠ್ಠಲವಾಡಿಯ ಮುಠಾ ದಂಡೆಯನ್ನೂ, ಔಂಧ್ ಕಡೆ ರಾಮನದಿ ಮುಳಾಗೆ ಸೇರುವ ಜಾಗವನ್ನೂ ದತ್ತು ತೆಗೆದುಕೊಂಡವರಂತೆ ನೋಡಿಕೊಂಡು ಬಂದಿದ್ದಾರೆ. ಅವರನ್ನು ಕಂಡು ನಮ್ಮ ಓಣಿಯ ನಾಲ್ಕಾರು ಮಂದಿಗೂ ನಮ್ಮ ದಂಡೆ ನಾವೇ ನೋಡೋಣ ಅನ್ನಿಸಿತು.

ಗಂಬೂಟು, ಕೈಗವಸು ಹಾಕಿಕೊಂಡು ಅಂಚಿನಲ್ಲಷ್ಟೇ ಇಳಿಯುತ್ತೇವೆ. ಒಬ್ಬರು ಕಾಲಿನಿಂದ ಕಲ್ಲು ಕದಡುತ್ತಾರೆ, ಇನ್ನೊಬ್ಬರು ಹರಿವಿನ ಕೆಳಮಗ್ಗುಲಿಗೆ ಬಲೆ ಹಿಡಿಯುತ್ತಾರೆ. ಸಿಕ್ಕಿದ್ದನ್ನು ನೀರಿರುವ ಬಿಳಿ ತಟ್ಟೆಗೆ ಸುರಿದು ಸುಮ್ಮನೆ ಕಾಯಬೇಕು. ಮೊದಲು ಬರೀ ರಾಡಿ. ರಾಡಿ ತಳ ಹಿಡಿದ ಮೇಲೆ ಅಲ್ಲೊಂದು ಇಲ್ಲೊಂದು ಅಲುಗಾಡತೊಡಗುತ್ತವೆ. ನಮ್ಮ ತಟ್ಟೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆಂಪು ದಾರದ ತುಂಡಿನಂಥ ಹುಳ, ಮೈ ಹೊಸೆಯುತ್ತಾ ಎಂಟರ ಅಂಕಿ ಬರೆದಂತೆ ಈಜುತ್ತದೆ. ಅದರ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನೇ. ಆಮ್ಲಜನಕ ತೀರಾ ಕಡಿಮೆಯಿರುವ ಕೆಸರಿನಲ್ಲೂ ಇದ್ದಷ್ಟನ್ನು ಹಿಡಿದಿಟ್ಟುಕೊಂಡು ಬದುಕುತ್ತದೆ. ಪಕ್ಕದಲ್ಲಿ ಇನ್ನೊಂದಿರುತ್ತದೆ, ಬಾಲದ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುವ ಹುಳ. ನೀರಿನೊಳಗೆ ಉಸಿರೇ ಸಿಗದಿದ್ದರೂ ಅದಕ್ಕೆ ಚಿಂತೆಯಿಲ್ಲ. ಜೊತೆಗೆ ಚಿಕ್ಕ ಬಸವನಹುಳು, ಜಿಗಣೆ.

2024ರ ಫೆಬ್ರುವರಿಯಲ್ಲಿ ಕೇಶವನಗರ, ಖರಾಡಿ ಕಡೆ ನದಿಯ ಮೇಲೆ ಸೊಳ್ಳೆಗಳ ಸುಂಟರಗಾಳಿ ಎದ್ದ ವಿಡಿಯೋ ನೋಡಿ ಗಾಬರಿಯಿಂದ ಫೋನ್ ಮಾಡಿದ್ದೆಯಲ್ಲ? ಹಾಗೆ ಕಂಬದಂತೆ ಎದ್ದು ಸುತ್ತುವುದು ಈ ಕೆಂಪು ಹುಳದ ಬಳಗದವುಗಳ ಸ್ವಭಾವ. ರೆಕ್ಕೆ ಬಂದ ಮೇಲೆ ಅವು ಕಚ್ಚುವುದೂ ಇಲ್ಲ.

ಒಳ್ಳೆಯ ನೀರಿನ ಹುಳ ನೋಡಬೇಕೆಂದರೆ ತಾಮ್ಹಿಣಿ ಘಾಟಿನ ತೊರೆಗಳಿಗೆ ಹೋಗಬೇಕು. ಅಲ್ಲಿ ಕಲ್ಲು ಮಗುಚಿದರೆ ಚಪ್ಪಟೆ ಮೈಯ ಮೇಫ್ಲೈ ಮರಿಗಳು ಸರಸರ ಓಡುತ್ತವೆ, ಹೊಟ್ಟೆಯ ಎರಡೂ ಬದಿಗೆ ಕಿವಿರುಗಳು ಅಲ್ಲಾಡುತ್ತಿರುತ್ತವೆ. ಮರಳಿನ ಕಣಗಳನ್ನು ತನ್ನ ರೇಷ್ಮೆಯಿಂದಲೇ ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳವೂ ಸಿಗುತ್ತದೆ. ಕೆಳಗೆ ಮುಳಶಿಯಲ್ಲಿ ಟಾಟಾ ಅಣೆಕಟ್ಟು ಮುಳಾದ ನೀರನ್ನು ಹಿಡಿದು ವಿದ್ಯುತ್ತಿಗಾಗಿ ಕೊಂಕಣದ ಕಡೆ ಇಳಿಸುತ್ತದೆ. ಅದರ ವಿರುದ್ಧವೇ 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದ್ದು, ಸೇನಾಪತಿ ಬಾಪಟ್ ಅದರ ಮುಂದಾಳು. ಮೇಲಿನ ಶುದ್ಧ ನೀರು ಅತ್ತ ಹೋದರೆ ನಗರದ ಚರಂಡಿ ಇತ್ತ ಬಂತು.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಾರದೇ ಅನ್ನುತ್ತೀಯೇನೋ. ಬಾಟಲಿಯ ನೀರು ತುಂಬಿದ ಹೊತ್ತಿನ ಕಥೆಯನ್ನಷ್ಟೇ ಹೇಳುತ್ತದೆ. ರಾತ್ರಿ ಯಾರೋ ಹೊಲಸು ಬಿಟ್ಟು ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಬಾಟಲಿಗೆ ಗೊತ್ತಾಗದು. ವಾರಗಟ್ಟಲೆ, ತಿಂಗಳುಗಟ್ಟಲೆ ಅದೇ ಕಲ್ಲಿನಡಿ ಇರುವ ಹುಳಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಹಿಸಿದ್ದು ಉಳಿಯುತ್ತದೆ, ಸಹಿಸಲಾಗದ್ದು ಸಾಯುತ್ತದೆ.

ಯಾವ ಹುಳ ಎನ್ನುವುದೇ ಮುಖ್ಯ. ಕಿತ್ತಳೆ ರೆಕ್ಕೆಯ ಏರೋಪ್ಲೇನ್ ಚಿಟ್ಟೆಯೊಂದು ಇಲ್ಲಿ ದಂಡೆಯ ಉದ್ದಕ್ಕೂ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಡಿಚ್ ಜ್ಯುವೆಲ್. ಅದು ಕೊಳಕು ನೀರಿಗೂ ಒಗ್ಗಿಕೊಂಡ ಜಾತಿ. ಇಂಗ್ಲೆಂಡಿನಲ್ಲಿ ಹುಳಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಪಟ್ಟಿಯೊಂದಿದೆ. ಎರೆಹುಳದ ಜಾತಿಯವಕ್ಕೆ 1, ಕೆಂಪು ಹುಳಕ್ಕೆ 2. ಈ ಚಿಟ್ಟೆಯ ಕುಟುಂಬಕ್ಕೆ ಮಾತ್ರ 8! ಕಣ್ಣುಮುಚ್ಚಿ ಆ ಪಟ್ಟಿ ಹಿಡಿದರೆ ಖಡಕಿಯ ಮುಳಾಗೂ ಒಳ್ಳೆಯ ಅಂಕ ಬಿದ್ದೀತು. ಅದಕ್ಕೇ ನಮ್ಮ ನಾಡಿನ ಕೈಪಿಡಿ ಬೇಕು. ಕೆ. ಎ. ಸುಬ್ರಮಣಿಯನ್ ಮತ್ತು ಕೆ. ಜಿ. ಶಿವರಾಮಕೃಷ್ಣನ್ ಬರೆದದ್ದನ್ನು ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಪ್ರಕಟಿಸಿದೆ.

ಇವರಿಬ್ಬರೂ, ಪುಣೆಯವರೇ ಆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆ ನಮ್ಮ ಕುದುರೆಮುಖದ ತೊರೆಗಳನ್ನು ನೋಡಿ 2005ರಲ್ಲಿ ಬರೆದದ್ದೂ ಇದೆ. ಆಗ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಡೆ ಮತ್ತು ಕುರುಚಲು ಕಾಡಿನಲ್ಲಿ ಹುಳಗಳ ವೈವಿಧ್ಯ ಎಲ್ಲಕ್ಕಿಂತ ಕಡಿಮೆ ಇತ್ತು. ಸೋಜಿಗವೆಂದರೆ ಮನೆ, ಅಡಿಕೆ ತೋಟಗಳ ಪಕ್ಕದ ತೊರೆಗಳಲ್ಲಿ ನಿತ್ಯಹರಿದ್ವರ್ಣ ಕಾಡಿನ ತೊರೆಗಳಿಗಿಂತಲೂ ಹೆಚ್ಚು ಬಗೆ ಸಿಕ್ಕವು. ಮನುಷ್ಯ ಇದ್ದಲ್ಲೆಲ್ಲ ಹೊಳೆ ಕೆಡಲೇಬೇಕೆಂದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪುಣೆಯ ಪಾಲು ಇದೆ, ಅಲ್ಲಗಳೆಯುವ ಮುಖ ನನಗಿಲ್ಲ. ಜಪಾನಿನ ಸಾಲದಲ್ಲಿ ಸುಮಾರು 990 ಕೋಟಿಯ ಯೋಜನೆ 2016ರಲ್ಲೇ ಮಂಜೂರಾಯಿತು, ಅದರಲ್ಲಿ ಹೊಸದಾಗಿ 11 ಶುದ್ಧೀಕರಣ ಘಟಕಗಳು. ಅವುಗಳಿಂದ ನದಿಗೆ ಎಷ್ಟು ಗುಣವಾಯಿತೆಂದು ನಾವು ಹುಳಗಳನ್ನೇ ಕೇಳಬೇಕು. ಆದರೆ ಖಡಕಿಯ ತಟ್ಟೆ ಖಡಕಿಯ ಮಾತನ್ನಷ್ಟೇ ಆಡುತ್ತದೆ. ನಡುವೆ 117 ಟಿಎಂಸಿಯ ಉಜನಿ ಜಲಾಶಯ ಇದೆ. ನಿಂತ ನೀರಿನಲ್ಲಿ ಕೆಸರು ತಳ ಸೇರುತ್ತದೆ, ಕರಗಿದ್ದು ಮುಂದಕ್ಕೆ ಹೋಗುತ್ತದೆ. ಅದರ ಕೆಳಗೂ ಊರುಗಳಿವೆ, ಸಕ್ಕರೆ ಕಾರ್ಖಾನೆಗಳಿವೆ, ನಿಮ್ಮ ಊರಿನ ಚರಂಡಿಯೂ ಇದೆ. ಯಾವುದು ಎಲ್ಲಿಂದ ಬಂತೆಂದು ಇಲ್ಲಿ ಕೂತು ನಾನು ಹೇಳಲಾರೆ. ಅದು ನಿನ್ನ ದಂಡೆಯಲ್ಲೇ ತಿಳಿಯಬೇಕು.

ಹಾಗಾಗಿ ಈ ಕಾಗದದ ಜೊತೆ ಒಂದು ಬಲೆ, ಭೂತಗನ್ನಡಿ, ಹುಳಗಳ ಚಿತ್ರದ ಹಾಳೆ ಕಳಿಸುತ್ತಿದ್ದೇನೆ. ತಟ್ಟೆ ಅಡುಗೆಮನೆಯದೇ ಸಾಕು, ಅವ್ವನಿಗೆ ಕಾಣದಂತೆ ಒಯ್ಯಿ. ಮಳೆಗಾಲದ ಕೆಂಪು ನೀರು ಇಳಿದಿದೆ, ಇದೇ ಸರಿಯಾದ ಹೊತ್ತು. ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗು, ಆದರೆ ಮರಳು ತೆಗೆದ ಗುಂಡಿಗಳಿರುವ ಕಡೆಗೆ ಯಾರನ್ನೂ ಬಿಡಬೇಡ. ಪಾದ ಮುಳುಗುವಷ್ಟು ನೀರಲ್ಲಿ ನಿಂತರೆ ಸಾಕು. ನಿಮ್ಮ ಊರಿನ ಚರಂಡಿ ಸೇರುವ ಜಾಗದ ಮೇಲೊಂದು ಸಲ, ಕೆಳಗೊಂದು ಸಲ ಬಲೆ ಹಾಕಿಸು. ಎರಡೂ ತಟ್ಟೆ ಒಂದೇ ಥರ ಕೆಟ್ಟಿದ್ದರೆ ಹೊಲಸು ಮೇಲಿನಿಂದಲೇ ಬಂದಿರಬಹುದು, ಆಗ ಪುಣೆಯವರನ್ನು ಬೈಯುವಾಗ ನನ್ನನ್ನೂ ಸೇರಿಸು. ಕೆಳಗಿನದು ಮಾತ್ರ ಕೆಟ್ಟಿದ್ದರೆ ಗ್ರಾಮಸಭೆಯಲ್ಲಿ ಮಕ್ಕಳೇ ಪಟ್ಟಿ ಓದಲಿ. ನೋಡಿಯಾದ ಮೇಲೆ ಹುಳಗಳನ್ನು ಸಿಕ್ಕಲ್ಲೇ ಬಿಡಿ, ಎಲ್ಲರೂ ಸೋಪಿನಿಂದ ಕೈ ತೊಳೆಯಿರಿ.

ಗುರುತು ಸಿಗದಿದ್ದರೆ ಫೋಟೋ ಕಳಿಸು. ಸಂಕ್ರಾಂತಿಗೆ ಬರುತ್ತೇನೆ, ಅಷ್ಟರಲ್ಲಿ ಪಟ್ಟಿ ತಯಾರಿರಲಿ.

ನಿನ್ನ ಅಕ್ಕ