ಆಸ್ಪತ್ರೆಯವರ ದನಿ

ಜರ್ಮನ್ ಭಾಷೆಯಲ್ಲಿ ಸಾವಿನ ಬಗ್ಗೆ ಮಾತಾಡುವುದು ನನಗೆ ಚೆನ್ನಾಗಿ ಬರುತ್ತದೆ. ನಾನು ನರ್ಸ್ ಆಗಿರುವ ವೃದ್ಧರ ಆರೈಕೆ ಮನೆಯಲ್ಲಿ ಯಾರಾದರೂ ಕೊನೆಯ ಹಂತಕ್ಕೆ ಬಂದರೆ, ಅವರ ಮಕ್ಕಳನ್ನು ಕೂರಿಸಿಕೊಂಡು ವಿಷಯ ತಿಳಿಸಲು ಮೇಲಿನವರು ನನ್ನನ್ನೇ ಕರೆಯುತ್ತಾರೆ. ಇನ್ನೆಷ್ಟು ದಿನ ಇರಬಹುದು, ನೋವಿಗೆ ಏನು ಕೊಡುತ್ತೇವೆ, ಅನ್ನ ನೀರು ಬಿಟ್ಟಾಗ ಬಲವಂತ ಮಾಡಬೇಕೇ ಬೇಡವೇ, ಎಲ್ಲವನ್ನೂ ದನಿ ನಡುಗದಂತೆ, ಕಣ್ಣು ತಪ್ಪಿಸದೆ ಹೇಳುತ್ತೇನೆ. ಇದು ನನ್ನ ಎದೆಗಾರಿಕೆ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯಲ್ಲೇ ನನ್ನ ಅಪ್ಪನ ಹತ್ತಿರವೂ ಮಾತಾಡಿದೆ. ಅಲ್ಲಿ ಸೋತೆ.

ನನ್ನೂರು ಬಸರಾಳು. ಮಂಡ್ಯದಿಂದ ನಾಗಮಂಗಲದ ಕಡೆ ಹೊರಟರೆ ಸುಮಾರು 25 ಕಿಲೋಮೀಟರ್. ಊರಿನ ಮಲ್ಲಿಕಾರ್ಜುನ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ. ಬೇಲೂರು, ಹಳೇಬೀಡಿನ ಜನಜಂಗುಳಿ ನಮ್ಮಲ್ಲಿಲ್ಲ. ಆದರೂ ನಾನು ಚಿಕ್ಕವಳಿದ್ದಾಗ ಅಪರೂಪಕ್ಕೆ ವಿದೇಶದವರು ಕಾರಿನಲ್ಲಿ ಬರುತ್ತಿದ್ದರು. ಊರ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದೆವು. ಶಾಲೆಯಲ್ಲಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದ ನನ್ನನ್ನು ಎಲ್ಲರೂ ಮುಂದಕ್ಕೆ ತಳ್ಳುವರು. ಹೊರಗೋಡೆಯ ಮೇಲೆ ಹದಿನಾರು ಕೈಗಳ ಶಿವ ಕುಣಿಯುತ್ತಿದ್ದಾನಲ್ಲ, ಅವನನ್ನು ತೋರಿಸಿ ‘ಶಿವ, ಡ್ಯಾನ್ಸಿಂಗ್’ ಎನ್ನುತ್ತಿದ್ದೆ. ಮನೆಗೆ ಯಾರಾದರೂ ನೆಂಟರು ಬಂದರೆ ಅವ್ವನ ಸೆರಗಿನ ಹಿಂದೆ ಸೇರುತ್ತಿದ್ದ ಹುಡುಗಿ ಆರಡಿ ಎತ್ತರದ ಬಿಳಿ ಮನುಷ್ಯನ ಎದುರು ಹೇಗೆ ನಿಲ್ಲುತ್ತಿದ್ದಳೋ! ಕನ್ನಡದಲ್ಲಿ ಬಾಯಿ ತೆಗೆದರೆ ನಾನು ಇಂಥವರ ಮಗಳು, ಇಂಥ ಬೀದಿಯವಳು, ದೊಡ್ಡವರ ಮುಂದೆ ತಗ್ಗಿ ಮಾತಾಡಬೇಕಾದವಳು. ಇಂಗ್ಲಿಷಿನಲ್ಲಿ ನನಗೆ ಹಿರಿಯರೇ ಇರಲಿಲ್ಲ.

ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಜರ್ಮನ್ ಕಲಿತೆ. ಹೊರಗಿನಿಂದ ಬಂದ ನರ್ಸ್ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಪಡೆಯಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಆ ಪರೀಕ್ಷೆ ಪಾಸಾಗಿಯೇ ಹೋದವಳು ನಾನು. ಆದರೆ ಪರೀಕ್ಷೆಯ ಭಾಷೆ ಬೇರೆ, ಬೆಳಗಿನ ಪಾಳಿಯ ಭಾಷೆ ಬೇರೆ. ಹಲ್ಲಿಲ್ಲದ ಬಾಯಿಂದ, ಪ್ರಾಂತ್ಯದ ಆಡುಮಾತಿನಲ್ಲಿ ಮುದುಕರು ಏನೋ ಕೇಳಿದರೆ ನಗುತ್ತಾ ತಲೆಯಾಡಿಸುತ್ತಿದ್ದೆ. ಸಹೋದ್ಯೋಗಿಗಳು ನನ್ನನ್ನು ಸಾಧು, ಮಾತು ಕಮ್ಮಿ ಅಂದುಕೊಂಡಿದ್ದರು. ಬಸರಾಳಿನ ನನ್ನ ಗೆಳತಿಯರು ಅದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ. ಊಟದ ಮೇಜಿನಲ್ಲಿ ಯಾರೋ ನಗೆಮಾತು ಆಡಿದರೆ ಅದು ನನಗೆ ತಿಳಿಯುವ ಹೊತ್ತಿಗೆ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ತಿಂಗಳುಗಟ್ಟಲೆ ಹಾಗಿದ್ದರೆ ಮನುಷ್ಯನಿಗೆ ತಾನು ನಿಜಕ್ಕೂ ಮಂದವೇ ಇರಬೇಕು ಎನ್ನಿಸತೊಡಗುತ್ತದೆ. ನನಗೂ ಅನ್ನಿಸಿತು.

ಭಾಷೆ ಬಲಿತ ಮೇಲೆ ಮಾತ್ರ ಬೇರೆಯೇ ಒಬ್ಬಳು ಎದ್ದು ಬಂದಳು. ನಮ್ಮ ಕಡೆ ಯಾರಿಗೂ ನೇರವಾಗಿ ‘ಆಗಲ್ಲ’ ಅನ್ನುವುದಿಲ್ಲ. ‘ನೋಡಾನ ಬುಡಿ’ ಅನ್ನುತ್ತೇವೆ, ‘ಆದ್ರೆ ಬತ್ತೀನಿ’ ಅನ್ನುತ್ತೇವೆ, ಕೇಳಿದವರಿಗೆ ಅರ್ಥವಾಗಿರುತ್ತದೆ. ಜರ್ಮನ್‌ನಲ್ಲಿ ಪಾಳಿ ಹಂಚುವವರಿಗೆ ನಾನು ಮೊದಲ ಸಲ ‘ಈ ಭಾನುವಾರ ಬರುವುದಿಲ್ಲ’ ಎಂದಾಗ, ಅವರು ‘ಸರಿ’ ಎಂದು ಹೆಸರು ಹೊಡೆದುಹಾಕಿದರು. ಯಾರೂ ಮುನಿಸಿಕೊಳ್ಳಲಿಲ್ಲ. ಆ ಬಿಡುಗಡೆಯನ್ನು ನಾನು ಈಗಲೂ ಬಿಟ್ಟುಕೊಡಲಾರೆ. ಹೆಣ್ಣಾಗಿ, ಹಳ್ಳಿಯವಳಾಗಿ, ಇಷ್ಟು ಸಲೀಸಾಗಿ ನನ್ನ ಇಷ್ಟವನ್ನು ಹೇಳಿಕೊಳ್ಳಲು ಇನ್ನೊಂದು ಭಾಷೆಗೇ ಹೋಗಬೇಕಾಯಿತು ಎಂಬುದು ನೋವಿನ ಸಂಗತಿಯೇ. ಆದರೂ ಸಿಕ್ಕಿದ್ದು ದೊಡ್ಡದು.

ಹೀಗಾಗುವುದು ನನಗೊಬ್ಬಳಿಗೇ ಅಲ್ಲ ಎಂಬುದು ಆಮೇಲೆ ಓದಿ ತಿಳಿಯಿತು. 1960ರ ದಶಕದಲ್ಲಿ ಅಮೆರಿಕದ ಸೂಸನ್ ಅರ್ವಿನ್-ಟ್ರಿಪ್ ಎಂಬ ಭಾಷಾ ವಿದ್ವಾಂಸೆ ಅಲ್ಲಿ ನೆಲೆಸಿದ್ದ ಜಪಾನಿ ಹೆಂಗಸರಿಗೆ ಅರ್ಧ ವಾಕ್ಯಗಳನ್ನು ಕೊಟ್ಟು ಪೂರ್ತಿ ಮಾಡಿಸಿದರು. ನನ್ನ ಆಸೆಗೂ ಮನೆಯವರ ಇಷ್ಟಕ್ಕೂ ಹೊಂದದಿದ್ದರೆ ಎಂಬ ವಾಕ್ಯವನ್ನು ಒಬ್ಬಾಕೆ ಜಪಾನಿಯಲ್ಲಿ, ಅದು ತುಂಬ ದುಃಖದ ಕಾಲ ಎಂದು ಮುಗಿಸಿದಳು. ಅದೇ ಹೆಂಗಸು ಇಂಗ್ಲಿಷಿನಲ್ಲಿ, ನನಗೆ ಬೇಕಾದ್ದನ್ನೇ ಮಾಡುತ್ತೇನೆ ಎಂದಳು. ಎರಡೂ ಅವಳೇ. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು, ತುರ್ಕಿ ತಾಯ್ನುಡಿಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ತಂತಿ ಕಟ್ಟಿ, ಬಯ್ಯುವ ಮಾತುಗಳನ್ನು ಎರಡೂ ಭಾಷೆಯಲ್ಲಿ ಕೇಳಿಸಿದರು. ಚಿಕ್ಕಂದಿನಲ್ಲಿ ತಾಯಿ ತಂದೆ ಗದರುವ ಮಾತು ತುರ್ಕಿಯಲ್ಲಿ ಕಿವಿಗೆ ಬಿದ್ದಾಗ ಚರ್ಮ ಹೆಚ್ಚು ಬೆವರಿತು. ಅದೇ ಅರ್ಥದ ಇಂಗ್ಲಿಷ್ ಮಾತಿಗೆ ಅಷ್ಟಿಲ್ಲ. ದೊಡ್ಡವರಾದ ಮೇಲೆ ಕಲಿತ ಭಾಷೆ ತಿಳಿಯುತ್ತದೆ, ಆದರೆ ತಾಯ್ನುಡಿಯಷ್ಟು ಮೈಗೆ ತಾಗುವುದಿಲ್ಲ.

ಇದನ್ನು ಅಪ್ಪನ ಕಾಯಿಲೆಗೆ ಮೊದಲೇ ಓದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಪ್ಪ ರಾಗಿ ಬೆಳೆದು, ತೆಂಗು ನೋಡಿಕೊಂಡು ಬದುಕಿದವನು. ಹಳೆಯ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಡಯಾಲಿಸಿಸ್ ಶುರುವಾಗಿ, ವಾರದಲ್ಲಿ ಎರಡು ಮೂರು ಸಲ ಪಟ್ಟಣಕ್ಕೆ ಹೋಗಿಬರಬೇಕಿತ್ತು. ಬೆಳಗ್ಗೆ ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಬಂದವನು ಕೈ ಮೇಲಿನ ಪಟ್ಟಿ ಕೂಡ ಬಿಚ್ಚದೆ ಜಗುಲಿಯ ಮೇಲೆ ಮಲಗಿಬಿಡುವನಂತೆ. ಒಂದು ರಾತ್ರಿ, ನನ್ನ ಪಾಳಿ ಮುಗಿದ ಹೊತ್ತಿಗೆ ವಿಡಿಯೋ ಕರೆಯಲ್ಲಿ ಬಂದ. ಪರದೆಯ ತುಂಬ ಹಣೆ ಮಾತ್ರ ಕಾಣುತ್ತಿತ್ತು. ಫೋನನ್ನು ಯಾವತ್ತೂ ಹಾಗೇ ಹಿಡಿಯುತ್ತಿದ್ದ.

‘ಇದ್ನ ನಿಲ್ಲಿಸ್ಬುಟ್ರೆ ಏನಾಯ್ತದವ್ವ?’ ಎಂದು ಕೇಳಿದ.

ಆ ಸಂಜೆಯಷ್ಟೇ ಒಬ್ಬ ಮುದುಕರ ಮಗನೊಂದಿಗೆ ಇಂಥದೇ ಮಾತು ಮುಗಿಸಿ ಬಂದಿದ್ದೆ. ಅದರ ಬಿಸಿಯಲ್ಲೇ ಇದ್ದೆ. ಅಪ್ಪನಿಗೂ ಹಾಗೇ ಹೇಳಿದೆ: ‘ನಿಲ್ಸಿದ್ರೆ ಒಂದೆರಡು ವಾರ ಅಪ್ಪ, ಅಷ್ಟೆ. ನೋವಾಗ್ದೇ ಇರೋ ಹಾಗೆ ಔಷಧಿ ಕೊಡ್ತಾರೆ. ನಿಲ್ಲಿಸ್ಬೇಕೋ ಬೇಡ್ವೋ ಅನ್ನೋದು ನಿನ್ನ ನಿರ್ಧಾರ. ನೀನು ಏನೇ ತೀರ್ಮಾನ ಮಾಡಿದ್ರೂ ನಾವು ಗೌರವಿಸ್ತೀವಿ.’

ವೈದ್ಯಕೀಯವಾಗಿ ಅದರಲ್ಲಿ ತಪ್ಪಿರಲಿಲ್ಲ. ಕನ್ನಡವೇ ಆಡಿದ್ದೆ, ಆದರೆ ಅದು ನಮ್ಮ ಮನೆಯ ಕನ್ನಡವಾಗಿರಲಿಲ್ಲ. ಅಪ್ಪನ ಮುಂದೆ ‘ಗೌರವಿಸ್ತೀವಿ’ ಎಂಬ ಪದವನ್ನು ಹುಟ್ಟಿದಾಗಿನಿಂದ ಆಡಿದವಳಲ್ಲ. ಜರ್ಮನ್‌ನಲ್ಲಿ ರೂಢಿಯಾದ ವಾಕ್ಯಗಳು ಒಂದಾದ ಮೇಲೊಂದು ಕನ್ನಡದ ವೇಷ ಹಾಕಿ ಬಂದಿದ್ದವು. ಅವನ್ನು ಹೇಳುವಾಗ ನನಗೆ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಒಳಗೇ ಸಮಾಧಾನಪಟ್ಟೆ ಕೂಡ. ಅಪ್ಪ ‘ಊಂ’ ಎಂದು ಫೋನನ್ನು ಅವ್ವನ ಕೈಗೆ ಕೊಟ್ಟ. ಅಲ್ಲಿಂದಾಚೆಗೆ ತನ್ನ ಕಾಯಿಲೆಯ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಮಳೆ ಬಂತು, ಕಾಯಿ ರೇಟು ಬಿತ್ತು, ಅಲ್ಲಿ ಚಳಿಯಾ, ಇಷ್ಟೇ.

ಅಪ್ಪ ಡಯಾಲಿಸಿಸ್ ನಿಲ್ಲಿಸಲಿಲ್ಲ. ಕೆಲವು ತಿಂಗಳಾದ ಮೇಲೆ, ಅದು ನಡೆಯುತ್ತಿದ್ದಾಗಲೇ, ಹೃದಯ ನಿಂತು ಹೋದ. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಆಗ ಅವ್ವ ಹೇಳಿದ್ದು, ಅದೂ ಬಯ್ಯುವ ದನಿಯಲ್ಲಲ್ಲ: ‘ಅವತ್ತು ನೀನು ಮಾತಾಡ್ದೆಯಲ್ಲ, ಫೋನ್ ಮಡಗಿ ಇವ್ರು ಏನಂದ್ರು ಗೊತ್ತಾ? ಮಗಳು ಮಾತಾಡ್ದಂಗಿರ್ನಿಲ್ಲ ಕಣೆ, ಆಸ್ಪತ್ರೆಯವ್ರು ಫೋನ್ ಮಾಡ್ದಂಗಿತ್ತು ಅಂದ್ರು.’

ನಮ್ಮೂರಿನಲ್ಲಿ ಸಾವಿನ ಸುದ್ದಿಯನ್ನು ಯಾರೂ ಹೇಳುವುದೇ ಇಲ್ಲ, ಎಲ್ಲವನ್ನೂ ಮುಚ್ಚಿಡುತ್ತಾರೆ ಎಂದು ನಾನು ಜರ್ಮನ್ ಸಹೋದ್ಯೋಗಿಗಳ ಮುಂದೆ ಅಂದಿದ್ದುಂಟು. ಅದು ಸುಳ್ಳೆಂದು ಆ ಸಲವೇ ಗೊತ್ತಾಯಿತು. ಎದುರು ಮನೆಯ ಅಜ್ಜ ಅಪ್ಪನ ಕೊನೆಯ ತಿಂಗಳುಗಳಲ್ಲಿ ದಿನಾ ಸಂಜೆ ಜಗುಲಿಗೆ ಬಂದು ಕೂರುತ್ತಿದ್ದನಂತೆ. ಎಲೆ ಅಡಿಕೆ ಹಾಕಿಕೊಂಡು, ಎತ್ತಿನ ಮಾತು, ಬಡ್ಡಿಯ ಮಾತು, ಯಾರದೋ ಮದುವೆ ಮಾತು. ಒಂದು ದಿನ ಹಾಗೇ ಕೇಳಿದನಂತೆ, ‘ಮೂಡ್ಲು ಹೊಲದ ಖಾತೆ ಯಾರ್ ಹೆಸ್ರಲ್ಲೈತೆ? ಈ ಸುಗ್ಗಿ ಕಳೀಲಿ ಅಂತ ಕಾಯ್ಬ್ಯಾಡ. ಹುಡುಗನ್ನ ಕರ್ಕಂಡೋಗಿ ಮಾಡ್ಸಾಕ್ಬುಡು.’ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಅಂಗಂತೀಯಾ’ ಎಂದನಂತೆ. ಅಜ್ಜ ‘ಊಂ ಕಣಪ್ಪ’ ಎಂದು ಇನ್ನೊಂದು ಎಲೆ ಮಡಿಸಿ ಅಪ್ಪನ ಕೈಗೆ ಕೊಟ್ಟನಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರನೆಯ ವಾರ ಅಪ್ಪ ಅಣ್ಣನನ್ನು ಕರೆದುಕೊಂಡು ಹೋಗಿ ಕಾಗದಪತ್ರ ಸರಿಮಾಡಿಸಿದ. ಹೋದ ದಿನ ಬಾಕಿ ಎಂದು ಒಂದು ಸಾಲವೂ ಉಳಿದಿರಲಿಲ್ಲ.

ನಾನು ಕೊಟ್ಟ ಸುದ್ದಿಯೂ ಅಜ್ಜ ಕೊಟ್ಟ ಸುದ್ದಿಯೂ ಒಂದೇ. ಅಜ್ಜ ಅದನ್ನು ಕೊಟ್ಟು ಎದ್ದು ಹೋಗಲಿಲ್ಲ, ಅಪ್ಪನ ಜೊತೆ ಕೂತೇ ಇದ್ದ. ನಿನ್ನ ನಿರ್ಧಾರ ಎಂದು ನಾನು ಹೇಳಿದ ಮಾತು, ಅಲ್ಲಿಯ ಮಗನೊಬ್ಬನಿಗೆ ಗೌರವದ ಮಾತು. ಬಸರಾಳಿನ ಜಗುಲಿಯ ಮೇಲೆ ಅದು ಕೈಬಿಟ್ಟ ಮಾತಾಗಿ ಕೇಳಿಸಿತು.

ಕೆಲಸಕ್ಕೆ ವಾಪಸಾದ ಮೇಲೆ ಇದು ಇನ್ನೊಂದು ಕಡೆಯಿಂದ ಕಾಣಿಸಿತು. ನಮ್ಮ ಆರೈಕೆ ಮನೆಯಲ್ಲಿ ತುರ್ಕಿಯ ಒಬ್ಬ ವೃದ್ಧೆ ಇದ್ದರು. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯೊಂದಿಗೆ ಕೆಲಸಗಾರರ ಒಪ್ಪಂದ ಮಾಡಿಕೊಂಡ ಮೇಲೆ ಬಂದ ಲಕ್ಷಾಂತರ ಜನರಲ್ಲಿ ಒಬ್ಬರು, ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರು. ನಮಗೆ ಅವರು ಗೊತ್ತಿದ್ದದ್ದು ಮೆತ್ತಗೆ ನಗುವ, ಏನು ಕೊಟ್ಟರೂ ಥ್ಯಾಂಕ್ಸ್ ಹೇಳುವ ಅಜ್ಜಿಯಾಗಿ. ಮರೆವಿನ ಕಾಯಿಲೆ ಹೆಚ್ಚಾದಂತೆ ಜರ್ಮನ್ ಉದುರಿಹೋಯಿತು, ತುರ್ಕಿ ಮಾತ್ರ ಉಳಿಯಿತು. ಆಮೇಲೆ ಕಲಿತ ಭಾಷೆ ಮೊದಲು ಹೋಗುವುದನ್ನು ನಮ್ಮಂಥ ಕಡೆ ಆಗಾಗ ನೋಡುತ್ತೇವೆ. ಒಂದು ಮಧ್ಯಾಹ್ನ ಮಗಳು ಸೂಪು ತಂದಿದ್ದಳು. ಅಜ್ಜಿ ಚಮಚವನ್ನು ಬಾಯಿಗಿಟ್ಟವರೇ ಗದರಿಸಿದರು, ಕೈ ತೋರಿಸಿ ಏನೋ ಆಜ್ಞೆ ಮಾಡಿದರು, ಕಿಟಕಿ ಪರದೆ ಸರಿಸುವಂತೆ ಮಾಡಿದರು, ನಡುವೆ ಏನೋ ಹೇಳಿ ಮಗಳನ್ನು ಬಿದ್ದು ಬಿದ್ದು ನಗಿಸಿದರು. ನನ್ನ ಸಹೋದ್ಯೋಗಿ, ಕಾಯಿಲೆ ಇವರನ್ನು ಎಷ್ಟು ಬದಲಾಯಿಸಿಬಿಟ್ಟಿತು ಎಂದಳು. ಮಗಳು ತಲೆಯೆತ್ತಿ, ‘ಅಮ್ಮ ಮನೆಯಲ್ಲಿ ಯಾವತ್ತೂ ಹೀಗೇ ಇದ್ದದ್ದು’ ಎಂದಳು.

ನಮಗೆ ಇಷ್ಟು ವರ್ಷ ಪರಿಚಯವಿದ್ದದ್ದು ಅವರ ಜರ್ಮನ್ ಮಾತ್ರ. ನನ್ನ ಅಪ್ಪನಿಗೆ ಅವತ್ತು ಸಿಕ್ಕಿದ್ದು ನನ್ನದು.

ನಮ್ಮೂರಿನ ರಸ್ತೆ ಹಿಡಿದು ನಾಗಮಂಗಲ ದಾಟಿ ಮುಂದೆ ಹೋದರೆ ಬೆಳ್ಳೂರು, ಬಿ.ಎಂ.ಶ್ರೀಕಂಠಯ್ಯನವರ ಊರು. ಇಂಗ್ಲಿಷ್ ಪಾಠ ಮಾಡಿಕೊಂಡೇ ಕನ್ನಡಕ್ಕೆ ದುಡಿದವರು. ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕ 1926ರದು. ಅದರಲ್ಲಿ ‘ದುಃಖಸೇತು’ ಇದೆ, ಲಂಡನ್ನಿನಲ್ಲಿ ನೀರಿಗೆ ಬಿದ್ದು ಸತ್ತ ಹೆಣ್ಣೊಬ್ಬಳ ಮೇಲೆ ಥಾಮಸ್ ಹುಡ್ ಬರೆದ ಕವನದಿಂದ ಬಂದದ್ದು. ಬೇರೆ ನೆಲದ ಸಾವಿನ ಮರುಕವನ್ನು ನಮ್ಮವರ ಎದೆಗೆ ಮುಟ್ಟಿಸಲು ಅವರು ಕನ್ನಡದ ಲಯವನ್ನೇ ಹೊಸದಾಗಿ ಹುಡುಕಿಕೊಂಡರು. ಅಷ್ಟು ಶ್ರಮಪಟ್ಟು ದಾಟಿಸಬೇಕಾದ್ದನ್ನು ನಾನು ಪಾಳಿ ಮುಗಿಸಿದ ಸುಸ್ತಿನಲ್ಲಿ, ಫೋನಿನಲ್ಲಿ, ಇದ್ದಂತೆಯೇ ಎತ್ತಿ ಇಟ್ಟಿದ್ದೆ.

ಸಾವಿನ ಬಗ್ಗೆ ಆಡುವ ಈ ಮಾತು ಈಗ ನಮ್ಮ ಜಿಲ್ಲೆಯ ಮನೆಮನೆಗೂ ಬೇಕಾಗುತ್ತದೆ. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ ತೀರ್ಪಿನಂತೆ ದಾರಿ ಮಾಡಿಕೊಡುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಒಳ್ಳೆಯದೇ. ಆದರೆ ನಮ್ಮ ಆಸ್ಪತ್ರೆಗಳ ವರಾಂಡದಲ್ಲಿ ಏನು ನಡೆಯುತ್ತದೆ ಎಂದು ನಾನು ನೋಡಿದ್ದೇನೆ. ಅಲ್ಲಿಯವರೆಗೂ ಕನ್ನಡದಲ್ಲಿ ಮಾತಾಡುತ್ತಿದ್ದ ಡಾಕ್ಟರು, ಕೆಟ್ಟ ಸುದ್ದಿ ಬಂದ ಕೂಡಲೇ ಓದಿದ ಮಗನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿಗೆ ತಿರುಗುತ್ತಾರೆ. ಮಗನೂ ಇಂಗ್ಲಿಷಿನಲ್ಲೇ ತಲೆಯಾಡಿಸುತ್ತಾನೆ. ಇಬ್ಬರಿಗೂ ಅದು ಹಗುರ. ಮಂಚದ ಮೇಲಿರುವವನು ಅವರ ಮುಖ ನೋಡುತ್ತಾ ಇರುತ್ತಾನೆ. ಮಗ ಒಳಗೆ ಬಂದು ‘ಏನಿಲ್ಲ, ಸರಿಹೋಗುತ್ತೆ’ ಎನ್ನುತ್ತಾನೆ. ನಾನು ಸುಳ್ಳು ಹೇಳಲಿಲ್ಲ, ಆ ಮಗನಿಗಿಂತ ಮೇಲು ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಹೋದ ಸಲ ಊರಿಗೆ ಬಂದಾಗ ಅವ್ವ ರಾಗಿ ಆರಿಸುತ್ತಾ, ತಲೆಯೆತ್ತದೆ ಹೇಳಿದಳು: ‘ನನ್ ಸರದಿ ಬಂದಾಗ ಫೋನಲ್ಲಿ ಯೋಳ್ಬ್ಯಾಡ. ಬಂದು ಕುಂತ್ಕಂಡು ಯೋಳು.’ ಆಗಲಿ ಎಂದೆ. ವಾಪಸು ಹೋದವಳೇ ಮೇಲಿನವರ ಕೋಣೆಗೆ ಹೋಗಿ, ನನ್ನ ತಾಯಿಗೆ ಹುಷಾರು ತಪ್ಪಿದರೆ ನಾನು ತಕ್ಷಣ ದೀರ್ಘ ರಜೆಯ ಮೇಲೆ ಹೋಗುತ್ತೇನೆ, ಸಂಬಳವಿಲ್ಲದಿದ್ದರೂ ಸರಿ, ಈಗಲೇ ಬರಹದಲ್ಲಿ ಕೊಡಿ ಎಂದು ಕೇಳಿದೆ. ಜರ್ಮನ್‌ನಲ್ಲಿ, ಸುತ್ತುಬಳಸದೆ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ. ಕೊಟ್ಟರು.